ತಾತ ಕೇಳಿದ ಓಟಿ ಲೆಕ್ಕ

ಹೋದ ಭಾನುವಾರ ಊಟಕ್ಕೆ ಕೂತಾಗ ಮಗಳು ಕೆಲಸ ಬಿಡ್ತೀನಿ ಅಂದಳು. ಅವಳಿಗೆ 26 ವರ್ಷ. ಇದು ಎರಡನೇ ಕಂಪನಿ. "ನಿಮ್ಮ ಕಾಲದವರಿಗೆ ಎಲ್ಲೂ ನಿಲ್ಲೋ ತಾಳ್ಮೆನೇ ಇಲ್ಲ" ಅಂತ ನಾನು ರೇಗಿದೆ. ಅಪ್ಪ ರೇಗಲಿಲ್ಲ. "ಅಲ್ಲಮ್ಮಾ, ರಾತ್ರಿ ಹನ್ನೊಂದರ ತನಕ ಲ್ಯಾಪ್‌ಟಾಪ್ ಮುಂದೆ ಮಾತಾಡ್ತಿರ್ತೀಯಲ್ಲ, ಅದಕ್ಕೆ ಓಟಿ ಎಷ್ಟು ಕೊಡ್ತಾರೆ?" ಅಂತ ಕೇಳಿದರು.

"ಓಟಿ ಅಂದ್ರೇನು ತಾತ?" ಅಂದಳು.

ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ.

ಅಪ್ಪ ಬೆಂಗಳೂರಿನ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ 36 ವರ್ಷ ದುಡಿದವರು. 1948ರಲ್ಲಿ ಶುರುವಾದ, ಟೆಲಿಫೋನು ತಯಾರಿಸುತ್ತಿದ್ದ ಕಾರ್ಖಾನೆ. ಒಂದೇ ಗೇಟು, 36 ವರ್ಷ. ಇದನ್ನೇ ಹೇಳಿ ಮಕ್ಕಳಿಗೆ ಬುದ್ಧಿ ಹೇಳ್ತೀವಿ, ಅಲ್ವಾ? ಆ ಗೇಟು ಅವರಿಗೆ ಏನೇನು ಕೊಟ್ಟಿತ್ತು ಅನ್ನೋದನ್ನು ಮಾತ್ರ ಹೇಳಲ್ಲ. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಕ್ಯಾಂಟೀನ್ ಊಟ. ಸೈರನ್ ಕೂಗಿದರೆ ಅಪ್ಪ ಮನೆಗೆ. 1948ರ ಕಾರ್ಖಾನೆ ಕಾಯಿದೆ ಪ್ರಕಾರ ವಾರಕ್ಕೆ 48 ಗಂಟೆ ಕೆಲಸ, ಅದಕ್ಕಿಂತ ಜಾಸ್ತಿ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ. ಅದೇ ಓಟಿ, ಅಂದರೆ ಓವರ್‌ಟೈಮ್. ಅಕ್ಕನ ಮದುವೆಯ ಜುಮುಕಿ ಓಟಿ ದುಡ್ಡಲ್ಲಿ ಬಂದಿದ್ದು ಅಂತ ಅಮ್ಮ ಇವತ್ತಿಗೂ ನೆನೆಯುತ್ತಾರೆ.

ಇದೆಲ್ಲ ಸುಮ್ನೆ ಸಿಕ್ಕಿದ್ದೂ ಅಲ್ಲ. 1980ರ ಡಿಸೆಂಬರ್ ಕೊನೆಯಲ್ಲಿ ಐಟಿಐ, ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್ ಹೀಗೆ ಸರ್ಕಾರಿ ಕಾರ್ಖಾನೆಗಳ ಕಾರ್ಮಿಕರು ಒಟ್ಟಿಗೆ ಮುಷ್ಕರ ಹೂಡಿದರು. 77 ದಿನ ನಡೆಯಿತು. ಅಷ್ಟೂ ದಿನ ಸಂಬಳ ಇಲ್ಲ. ಅಂಗಡಿಯವರು ಸಾಲ ಬರೆದುಕೊಂಡು ಅಕ್ಕಿ ಕೊಟ್ಟರು. ಹಿಂದಿನವರು ತಲೆ ತಗ್ಗಿಸಿ ದುಡಿದರು ಅಂತ ಯಾರಾದರೂ ಅಂದರೆ ನನಗೆ ಅಪ್ಪನ ಆ ದಿನಗಳು ನೆನಪಾಗುತ್ತವೆ.

ನಡುವೆ ಬಂದವರು ನಾವು. 1998ರಲ್ಲಿ ನಾನು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಮೊದಲ ಸಂಬಳವೇ ಅಪ್ಪನ ಸಂಬಳದ ಹತ್ತಿರ ಇತ್ತು. ಇಷ್ಟು ಕೊಡ್ತಾರಲ್ಲ, ಹೊತ್ತು ಯಾಕೆ ನೋಡಬೇಕು ಅನಿಸಿತು. ಶನಿವಾರವೂ ಹೋದೆವು, ಹಬ್ಬದ ದಿನವೂ ಕಾಲ್ ತೆಗೆದುಕೊಂಡೆವು. ಯಾರೂ ಬಲವಂತ ಮಾಡಲಿಲ್ಲ. ಲೆಕ್ಕ ಕೇಳುವುದನ್ನು ನಾವೇ ಬಿಟ್ಟೆವು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನನ್ನ ವಯಸ್ಸಿನ ಎಷ್ಟೋ ಜನ ಹೌದು ಹೌದು ಅಂದರು. ನಾನೂ ಅಂದಿದ್ದೆ.

ಮಗಳ ಮೊದಲ ಕಂಪನಿಯಲ್ಲಿ ಏನಾಯ್ತು ಗೊತ್ತಾ? ಒಂದು ಬೆಳಗ್ಗೆ ಹತ್ತು ನಿಮಿಷದ ವಿಡಿಯೋ ಕಾಲ್. ಅವಳ ಟೀಮಿನ ಅರ್ಧ ಜನ ಮನೆಗೆ. ಮಧ್ಯಾಹ್ನದ ಹೊತ್ತಿಗೆ ಅವರ ಲಾಗಿನ್ ಬಂದ್. ಅದೇ ಇವಳು ತಾನಾಗಿ ಬಿಟ್ಟಾಗ 90 ದಿನ ನೋಟಿಸ್ ಪೀರಿಯಡ್ ಮುಗಿಸಿಯೇ ಹೊರಡಬೇಕಾಯಿತು. ಇದನ್ನು ನೋಡಿದ ಹುಡುಗಿಗೆ ಕಂಪನಿಯೇ ಮನೆ ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಸಂಜೆ ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚುವ ಮಕ್ಕಳನ್ನು ಸೋಮಾರಿಗಳು ಅಂತೀವಿ. ನನಗೀಗ ಅವರು ಥೇಟ್ ನಮ್ಮಪ್ಪನ ಹಾಗೆ ಕಾಣುತ್ತಾರೆ. ಸೈರನ್ ಇಲ್ಲ, ಅದಕ್ಕೆ ಗಡಿಯಾರ ನೋಡುತ್ತಾರೆ. ಹೊತ್ತಿಗೂ ದುಡಿಮೆಗೂ ಲೆಕ್ಕ ಇರಬೇಕು ಅನ್ನೋದು ತಾತ, ಮೊಮ್ಮಗಳು ಇಬ್ಬರಿಗೂ ಗೊತ್ತು.

ಅವಳ ಎಲ್ಲ ಮಾತನ್ನೂ ನಾನು ಒಪ್ಪಲ್ಲ. ಒಂದು ಕೆಲಸ ಕೈಗೆ ಹತ್ತಲು ಎರಡು ವರ್ಷವಾದರೂ ಬೇಕು. ಐದು ವರ್ಷ ತುಂಬಿಸಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಪಡೆಯುವುದರ ಬೆಲೆ ಏನು ಅಂತಲೂ ಹೇಳಿದ್ದೇನೆ. ಕೇಳಿಸಿಕೊಂಡಳು, ಆದರೂ ಬಿಡ್ತಾಳೆ. ಬಿಡಲಿ.

ನನ್ನ ಕೈಯಲ್ಲಿ ಇದ್ದದ್ದನ್ನು ಈ ವಾರ ಮಾಡಿದೆ. ನನ್ನ ಕೈಕೆಳಗೆ ಹನ್ನೊಂದು ಜನ ಇದ್ದಾರೆ. ರಾತ್ರಿ ಎಂಟರ ಮೇಲೆ ಅವರಿಗೆ ಮೆಸೇಜ್ ಹಾಕುವುದು ನಿಲ್ಲಿಸಿದೆ. ಮೂರನೇ ದಿನ ಒಬ್ಬ ಹುಡುಗ ಹತ್ತಿರ ಬಂದು ಕೇಳಿದ, "ಸರ್, ನನ್ನ ಮೇಲೆ ಏನಾದ್ರೂ ಬೇಜಾರಾ?"