ಯೆಜ್ಡಿ ಬರುತ್ತದಂತೆ, ಗ್ರೈಂಡರ್ ಬೇಡವಂತೆ

ಮೆಲ್ಬರ್ನ್‌ಗೆ ಒಯ್ಯಬೇಕಾದ ಸಾಮಾನಿನ ಪಟ್ಟಿಯಲ್ಲಿ ನನ್ನ ಎರಡು ಲೀಟರಿನ ಗ್ರೈಂಡರ್‌ಗೆ ಅಡ್ಡಗೆರೆ ಬಿದ್ದಿದೆ. ಕಾರಣ, ಭಾರ. "ಕಲ್ಲು ಹೊತ್ತುಕೊಂಡು ಸಮುದ್ರ ದಾಟುವುದೇ? ಅಲ್ಲಿ ದೋಸೆ ಹಿಟ್ಟು ಅಂಗಡಿಯಲ್ಲೇ ಸಿಗುತ್ತದೆ" ಎಂದರು ನಮ್ಮವರು. ಗೆರೆ ಎಷ್ಟು ನೆಟ್ಟಗಿದೆಯೆಂದರೆ ಸ್ಕೇಲ್ ಇಟ್ಟೇ ಎಳೆದಿರಬೇಕು. ಅದೇ ಪಟ್ಟಿಯಲ್ಲಿ ಎರಡು ಸಾಲು ಕೆಳಗೆ, ಒಂದು ಕ್ವಿಂಟಲ್‌ಗೂ ಮೀರಿ ತೂಗುವ ಯೆಜ್ಡಿ ರೋಡ್‌ಕಿಂಗ್ ಬೈಕಿದೆ. ಅದರ ಮುಂದೆ ಅಡ್ಡಗೆರೆಯಿಲ್ಲ, ಪ್ರಶ್ನಾರ್ಥಕ ಚಿಹ್ನೆ ಇದೆ. ಗ್ರೈಂಡರ್‌ಗೆ ಪ್ರಶ್ನೆಯ ಮರ್ಯಾದೆಯೂ ದಕ್ಕಲಿಲ್ಲ.

ಆಸ್ಟ್ರೇಲಿಯಾದಲ್ಲೂ ನಮ್ಮಲ್ಲಿರುವ ಹಾಗೆಯೇ 230 ವೋಲ್ಟ್ ವಿದ್ಯುತ್ತು. ಪ್ಲಗ್ಗಿನ ಕಡ್ಡಿಗಳು ಮಾತ್ರ ಸ್ವಲ್ಪ ಓರೆಯಂತೆ. ಒಂದು ಅಡಾಪ್ಟರ್ ಸಿಕ್ಕಿಸಿದರೆ ನನ್ನ ಗ್ರೈಂಡರ್ ಮರುದಿನವೇ ಉದ್ದು ರುಬ್ಬುತ್ತದೆ. ಮಾವನವರ ಕಾಲದ, ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿದು ಬೀದಿ ತುಂಬ ನೀಲಿ ಹೊಗೆ ಬಿಡುವ ಬೈಕಿಗೆ ಯಾವ ಅಡಾಪ್ಟರ್ ಇದೆ? ಇದನ್ನು ಕೇಳಿದ್ದಕ್ಕೆ "ನಿನಗೆ ಗಾಡಿಯ ವಿಷಯ ಅರ್ಥವಾಗುವುದಿಲ್ಲ" ಎಂಬ ಉತ್ತರ ಬಂತು. ಅರ್ಥವಾಗಲು ಇದರಲ್ಲಿ ಏನಿದೆಯೋ!

ಪರದೇಶಕ್ಕೆ ಹೊರಟವರ ಮನೆಗೆ ಬಂದವರು ಮೊದಲು ವೀಸಾ ವಿಚಾರಿಸುತ್ತಾರೆ, ಆಮೇಲೆ ಮನೆ ಬಾಡಿಗೆಗೆ ಕೊಡುತ್ತೀರಾ ಎನ್ನುತ್ತಾರೆ, ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಗಾಡಿಯ ಸುದ್ದಿಗೆ ಬರುತ್ತಾರೆ. ಎಲ್ಲರಲ್ಲೂ ಒಂದೊಂದು ಸಲಹೆ ಸಿದ್ಧವಿರುತ್ತದೆ. ಎದುರುಮನೆಯವರು ಮಾರಿಬಿಡಿ ಎಂದರು. ನಮ್ಮ ಚಿಕ್ಕಪ್ಪ ಮಾರಬೇಡಿ, ಮುಂದೆ ಬೆಲೆ ಏರುತ್ತದೆ ಎಂದರು. ಮೇಲಿನ ಬೀದಿಯ ಹುಡುಗನೊಬ್ಬ, "ಆಂಟಿ, ನೀವು ಬರುವವರೆಗೂ ನಾನು ಓಡಿಸಿಕೊಂಡಿರುತ್ತೇನೆ, ನಿಂತರೆ ಇಂಜಿನ್ ಕೆಡುತ್ತದೆ" ಎಂದು ನಮ್ಮ ಮೇಲಿನ ಅಕ್ಕರೆಗೇ ಮುಂದೆ ಬಂದ. ಕಾರಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಅದು ಒಂದೇ ಮಾತಿನಲ್ಲಿ ಮಾರಾಟವಾಗಿ ಹೋಯಿತು. ಅದರ ಹಿಂದಿನ ಸೀಟಿನಡಿಯಲ್ಲಿ ಉಳಿದ ನನ್ನ ಛತ್ರಿಯೂ ಜೊತೆಗೇ ಹೋಯಿತು.

ನಮ್ಮವರ ಸ್ವಭಾವವನ್ನು ಇಲ್ಲಿ ಹೇಳಲೇಬೇಕು. ಒಂದು ಕೆಲಸ ಆಗುವುದೇ ಇಲ್ಲ ಎಂದರೆ ಅವರು ತಣ್ಣಗಾಗುತ್ತಾರೆ. ಆಗಬಹುದು, ಆದರೆ ಬಹಳ ಕಷ್ಟ ಎಂದಿರೋ ಮುಗಿಯಿತು, ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಆಸ್ಟ್ರೇಲಿಯಾದ ಸರ್ಕಾರ ಆಗುವುದಿಲ್ಲ ಎಂದು ಬರೆದಿದ್ದರೆ ನಮ್ಮ ಮನೆ ನೆಮ್ಮದಿಯಾಗಿರುತ್ತಿತ್ತು. ಆದರೆ ಅಲ್ಲಿ 2021ರ ಜುಲೈಯಿಂದ ಜಾರಿಗೆ ಬಂದ ನಿಯಮದ ಪ್ರಕಾರ, 25 ವರ್ಷ ದಾಟಿದ ವಾಹನವನ್ನು ಅರ್ಜಿ ಹಾಕಿ, ಅನುಮತಿ ಪಡೆದು ತರಿಸಿಕೊಳ್ಳಬಹುದು. ನಮ್ಮ ಬೈಕು 1986ರದ್ದು. "ನೋಡು, ಹೊಸ ಗಾಡಿಗಿರುವ ತಕರಾರು ಹಳೆಯದಕ್ಕಿಲ್ಲ. ವಯಸ್ಸೇ ಅರ್ಹತೆ" ಎಂದು ನಡುರಾತ್ರಿ ನನ್ನನ್ನು ಎಬ್ಬಿಸಿ ಹೇಳಿದರು. ವಯಸ್ಸೇ ಅರ್ಹತೆಯಾದರೆ ಅತ್ತೆಯವರಿಗೆ ಪ್ರವಾಸಿ ವೀಸಾ ಬರಲು ಅಷ್ಟು ದಿನ ಏಕೆ ಹಿಡಿಯಿತು ಎಂದು ಕೇಳಬೇಕೆನಿಸಿತು. ನಿದ್ದೆಗಣ್ಣು, ಬಿಟ್ಟೆ.

ಮುಂದಿನ ವಾರಗಳಲ್ಲಿ ನಮ್ಮ ಮನೆಯಲ್ಲಿ ಊಟಕ್ಕೂ ತಿಂಡಿಗೂ ಆಸ್ಟ್ರೇಲಿಯಾದ ಕಾನೂನೇ. ನಾವು ವರ್ಷದಿಂದ ಬಳಸುತ್ತಿರುವ ಪಾತ್ರೆ, ಪುಸ್ತಕ, ಹಾಸಿಗೆಗೆ ಅಲ್ಲಿ ತೆರಿಗೆಯಿಲ್ಲ, ಆದರೆ ವಾಹನಕ್ಕೂ ಅದರ ಬಿಡಿಭಾಗಗಳಿಗೂ ಆ ರಿಯಾಯಿತಿ ಅನ್ವಯವಾಗುವುದಿಲ್ಲ. ಅದಕ್ಕೆ ಶೇಕಡಾ 10 ಜಿಎಸ್‌ಟಿ. ಅದೂ ಬೈಕಿನ ಬೆಲೆಗೆ ಮಾತ್ರವಲ್ಲ, ಹಡಗಿನ ಬಾಡಿಗೆ ಮತ್ತು ವಿಮೆಯನ್ನೂ ಕೂಡಿಸಿ ಬಂದ ಮೊತ್ತಕ್ಕೆ. ಹೊತ್ತು ತಂದ ಕೂಲಿಗೂ ತೆರಿಗೆ ಹಾಕುವ ಈ ಜಾಣತನ ಕಂಡು ನನಗೆ ಸಣ್ಣ ಬೇಸರವೂ ಆಯಿತು.

ಇಳಿಸಿಕೊಂಡ ಮೇಲೆ ಓಡಿಸುವುದು ಇನ್ನೊಂದು ಕಥೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಹಳೆಯ ವಾಹನಗಳಿಗೆ ಕ್ಲಬ್ ಪರ್ಮಿಟ್ ಎಂಬ ವ್ಯವಸ್ಥೆಯಿದೆ. ಮೊದಲು ಒಂದು ಕ್ಲಬ್ಬಿನ ಸದಸ್ಯರಾಗಬೇಕು. ಆಮೇಲೆ ವರ್ಷಕ್ಕೆ 45 ದಿನ, ಇಲ್ಲವೇ 90 ದಿನ ಓಡಿಸಲು ಪರವಾನಗಿ. ಗಾಡಿ ತೆಗೆದ ಪ್ರತಿ ದಿನವನ್ನೂ ಹೊರಡುವ ಮೊದಲೇ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಹಾಲಿನವನ ಲೆಕ್ಕವನ್ನು ಈವರೆಗೆ ಕ್ಯಾಲೆಂಡರಿನ ಮೇಲೆ ಒಂದು ದಿನವೂ ಗುರುತು ಹಾಕದ ಮನುಷ್ಯ ಇದನ್ನು ಬರೆಯುತ್ತಾರಂತೆ. "ಶಿಸ್ತು ಬರುತ್ತದೆ" ಎಂದರು.

ಅವರಿಗೆ ನಿಜಕ್ಕೂ ಖುಷಿ ಕೊಟ್ಟದ್ದು ಮಾತ್ರ ಹುಕ್ ಟರ್ನ್. ಮೆಲ್ಬರ್ನ್‌ನ ನಡುಪೇಟೆಯಲ್ಲಿ ಟ್ರಾಮಿಗೆ ಅಡ್ಡವಾಗಬಾರದೆಂದು, ಕೆಲವು ವೃತ್ತಗಳಲ್ಲಿ ಬಲಕ್ಕೆ ತಿರುಗುವವರು ರಸ್ತೆಯ ಎಡತುದಿಗೆ ಹೋಗಿ ನಿಂತು, ಸಿಗ್ನಲ್ ಬದಲಾದ ಮೇಲೆ ಎಲ್ಲರ ಮುಂದೆ ಹಾದು ಬಲಕ್ಕೆ ತಿರುಗಬೇಕು. ಅಲ್ಲಿನವರೇ ಹೊಸದರಲ್ಲಿ ಇದಕ್ಕೆ ಬೆದರುತ್ತಾರಂತೆ. ಮೈಸೂರಿನಲ್ಲಿ ಎಡಗಡೆಯಿಂದ ಬಂದು ಎಲ್ಲರ ಮೂಗಿನ ಮುಂದೆ ಬಲಕ್ಕೆ ತಿರುಗುವುದನ್ನು ಯಾರಾದರೂ ಕಲಿಸಿಕೊಡಬೇಕೇ? ನಾವು ಸಿಗ್ನಲ್ ಬದಲಾಗುವುದನ್ನು ಕಾಯುವುದಿಲ್ಲ, ವ್ಯತ್ಯಾಸ ಅಷ್ಟೆ.

ಇಷ್ಟಾದರೂ ಎಲ್ಲ ಕಾಗದದ ಮೇಲೆ ನಡೆಯುತ್ತಿತ್ತು, ನನ್ನ ಅಂಗಳಕ್ಕೆ ಬಂದಿರಲಿಲ್ಲ. ಬಂದದ್ದು ಸ್ವಚ್ಛತೆಯ ನಿಯಮ ಓದಿದ ಮೇಲೆ. ಆಸ್ಟ್ರೇಲಿಯಾಕ್ಕೆ ಹೊರದೇಶದ ಮಣ್ಣು, ಬೀಜ, ಎಲೆ, ಹುಳುವೆಂದರೆ ಆಗದು. ದ್ವೀಪದ ಬೆಳೆಗೆ ಎಲ್ಲಿಂದ ಯಾವ ರೋಗ ಬಂದೀತೋ ಎಂಬ ಭಯ, ತಪ್ಪಲ್ಲ. ಆದ್ದರಿಂದ ಬಳಸಿದ ವಾಹನ ಒಳಗೂ ಹೊರಗೂ ತೊಳೆದಿರಬೇಕು. ಟೈರಿನ ಗೀರಿನಲ್ಲಿ ಒಂದು ಚಿಟಿಕೆ ಮಣ್ಣು ಸಿಕ್ಕರೂ ನಮ್ಮ ಖರ್ಚಿನಲ್ಲಿ ಮತ್ತೆ ತೊಳೆಸುತ್ತಾರೆ, ಇಲ್ಲವೇ ಬಂದ ದಾರಿಗೆ ಕಳುಹಿಸುತ್ತಾರೆ. ಚಾಮುಂಡಿ ಬೆಟ್ಟದ ಕೆಂಪು ಮಣ್ಣನ್ನು ಇಷ್ಟು ವರ್ಷ ಚಕ್ರಕ್ಕೆ ಮೆತ್ತಿಕೊಂಡ ಬೈಕು ಅಂಗಳದ ನಡುವೆ ನಿಂತಿತು. ನಮ್ಮವರು ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಸಿಲಿಂಡರಿನ ರೆಕ್ಕೆಗಳ ಸಂದಿಗಳನ್ನು ಒಂದೊಂದಾಗಿ ಉಜ್ಜಿದರು. ಸ್ನಾನದ ಮನೆಯ ಬಕೆಟ್ ಮಾಯ, ನನ್ನ ಪಾತ್ರೆ ತೊಳೆಯುವ ನಾರು ಮಾಯ.

ಟೂಲ್ ಬಾಕ್ಸ್ ತೆರೆದಾಗ ನಾನೂ ಬಗ್ಗಿ ನೋಡಿದೆ. ಎರಡು ಸುಟ್ಟ ಸ್ಪಾರ್ಕ್ ಪ್ಲಗ್, ಮರಳು ಕಾಗದದ ತುಂಡು, ಪ್ಲಗ್ ಸ್ಪ್ಯಾನರ್. ಅದರಡಿಯಲ್ಲಿ ಕಡಲೆಕಾಯಿ ಸಿಪ್ಪೆ. ಅದರಡಿಯಲ್ಲಿ ನಂಜನಗೂಡಿನ ದೇವಸ್ಥಾನದ ಒಣಗಿದ ಬಿಲ್ವಪತ್ರೆ. ಮೂಲೆಯಲ್ಲಿ ಅರಿಸಿನದ ಬಣ್ಣ ಇನ್ನೂ ಹೋಗದ ಅಕ್ಷತೆ ಕಾಳುಗಳು, ಯಾರ ಮದುವೆಯದೋ ಏನೋ. ಸೀಟಿನಡಿಯಲ್ಲಿ ಅಳಿಲು ತಂದಿಟ್ಟ ತೆಂಗಿನ ನಾರು. ಮೆಲ್ಬರ್ನ್ ಬಂದರಿನ ಅಧಿಕಾರಿ ಇದನ್ನು ತೆರೆದಿದ್ದರೆ ಕಪಾಳಕ್ಕೆ ಕೈ ಹಚ್ಚಿ ಕುಳಿತುಬಿಡುತ್ತಿದ್ದ. ಅಷ್ಟನ್ನೂ ಗುಡಿಸಿ, ನೀರಿನ ಜೆಟ್ ಹೊಡೆಸಿ, ಒಣಗಿಸಿ, ಧೂಳು ಕೂರದಿರಲೆಂದು ಪ್ಲಾಸ್ಟಿಕ್ ಹೊದಿಸಿ, ಯಾರೂ ಮುಟ್ಟಬೇಡಿ ಎಂದು ಅಪ್ಪಣೆಯಾಯಿತು.

ಮರುದಿನ ಆಯುಧಪೂಜೆ.

ನಮ್ಮವರು ಬೆಳಗ್ಗೆಯೇ ಕಚೇರಿಯ ಪೂಜೆಗೆ ಹೋಗಿದ್ದರು. ಅತ್ತೆಯವರು ಪ್ಲಾಸ್ಟಿಕ್ ಎಳೆದು ಬದಿಗೆಸೆದರು. ಹ್ಯಾಂಡಲ್ಲಿನ ಎರಡೂ ಕಡೆ ಬಾಳೆಕಂದು, ಹೆಡ್‌ಲೈಟಿಗೆ ಮಾವಿನೆಲೆ, ಅಡ್ಡಕ್ಕೆ ಒಂದು ಮೊಳ ಚೆಂಡುಹೂ, ಟ್ಯಾಂಕಿಗೆ ಮೂರು ಬೆರಳಿನ ವಿಭೂತಿ, ನಡುವೆ ಗಂಧ ಕುಂಕುಮ. "ಅತ್ತೆ, ತೊಳೆದು ಇಟ್ಟಿದ್ದಾರೆ, ಹೂವು ಎಲೆ ಏನೂ ಸೋಕಬಾರದಂತೆ" ಎಂದೆ. "ಸಮುದ್ರ ದಾಟುವ ಗಾಡಿಯಮ್ಮಾ, ಪೂಜೆಯಿಲ್ಲದೆ ಕಳುಹಿಸುವುದೇ?" ಎಂದರು. ಸರ್ಕಾರದ ನಿಯಮ ಎಂದೆ. "ಯಾವ ಸರ್ಕಾರ ಚಾಮುಂಡಿಗಿಂತ ದೊಡ್ಡದು?" ಎಂದು ಕೇಳಿದರು. ದಸರೆಯ ದಿನ ಮೈಸೂರಿನಲ್ಲಿ ನಿಂತು ಇದಕ್ಕೆ ಉತ್ತರ ಕೊಡಲು ನನಗೆ ಧೈರ್ಯ ಬರಲಿಲ್ಲ.

ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟರು. ಅಷ್ಟಕ್ಕೇ ನಿಂತಿದ್ದರೆ ಒರೆಸಿ ಸರಿಮಾಡಬಹುದಿತ್ತು. ಬೂದುಗುಂಬಳ ಬಾಕಿಯಿತ್ತು. ವಿದೇಶ ಪ್ರಯಾಣವೆಂದು ಈ ಸಲ ದೊಡ್ಡದನ್ನೇ ತರಿಸಿದ್ದರು. ಕಣ್ಣು ಕೊರೆದು, ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಗಾಡಿಗೆ ಮೂರು ಸುತ್ತು ನಿವಾಳಿಸಿದರು. ವಯಸ್ಸಾಗಿದೆ, ಕೈಯಲ್ಲಿ ಶಕ್ತಿಯಿಲ್ಲ, ನಾಲ್ಕು ಹೆಜ್ಜೆ ಹೋಗಿ ರಸ್ತೆಗೆ ಒಡೆಯುವ ಬದಲು ಮುಂದಿನ ಚಕ್ರದ ಬುಡದಲ್ಲೇ ಎತ್ತಿ ಹಾಕಿದರು. ಕುಂಬಳಕಾಯಿ ಹೋಳಾಯಿತು ಎನ್ನುವುದು ಕಡಿಮೆ. ಕೆಂಪು ತಿರುಳು ಸ್ಪೋಕಿಗೆ, ಇಂಜಿನ್ನಿಗೆ, ಜೋಡಿ ಸೈಲೆನ್ಸರಿಗೆ, ನನ್ನ ಸೀರೆಗೆ. ಬೀಜಗಳು ಸಿಲಿಂಡರಿನ ರೆಕ್ಕೆಗಳ ಸಂದಿಯಲ್ಲಿ, ಹಿಂದಿನ ದಿನ ಬ್ರಷ್ ಓಡಾಡಿದ ಜಾಗದಲ್ಲೇ, ಒತ್ತೊತ್ತಾಗಿ ಕುಳಿತವು. ಅತ್ತೆಯವರು ತೃಪ್ತಿಯಿಂದ ಕೈ ಮುಗಿದು, "ಇನ್ನು ದೃಷ್ಟಿ ತಾಗುವುದಿಲ್ಲ" ಎಂದು ಒಳಗೆ ಹೋದರು.

ನಮ್ಮವರು ಬಂದು ನೋಡಿದರು. ಬಾಯಿಂದ ಮಾತು ಹೊರಡಲಿಲ್ಲ. ತಾಯಿಯನ್ನು ಬೈಯುವಂತಿಲ್ಲ, ಹಬ್ಬದ ದಿನ ನನ್ನನ್ನೂ ಬೈಯುವಂತಿಲ್ಲ. ನನ್ನ ಹುಬ್ಬು ಕೀಳುವ ಚಿಮುಟ ಕೇಳಿ ಪಡೆದು ಕುಕ್ಕರಗಾಲಿನಲ್ಲಿ ಕುಳಿತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ಬೀಜ ತೆಗೆಯತೊಡಗಿದರು. ಮಧ್ಯೆ ಒಮ್ಮೆ ತಲೆಯೆತ್ತಿ, "ಒಂದು ಬೀಜ ಉಳಿದು ಅಲ್ಲಿ ಮೊಳೆತರೆ?" ಎಂದರು. ಹುಳಿಗೆ ಆಯಿತು ಎಂದೆ.

ಮಾವನವರು ಈ ಎಲ್ಲ ಗಲಾಟೆಯಲ್ಲೂ ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತಿದ್ದರು. ಅವರು ದುಡಿದದ್ದು ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಜಯಚಾಮರಾಜ ಒಡೆಯರು 1961ರಲ್ಲಿ ಉದ್ಘಾಟಿಸಿದ, 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆ. ಅದರ ಬಗ್ಗೆ ಅವರು ಮಾತನಾಡುವುದು ಕಡಿಮೆ. ಆದರೆ ಬೀದಿಯ ಕೊನೆಯಲ್ಲಿ ಬೇರೆ ಯಾವುದಾದರೂ ಯೆಜ್ಡಿ ಸದ್ದು ಕೇಳಿಸಿದರೆ ಪತ್ರಿಕೆ ಇಳಿಸುತ್ತಾರೆ, ಅದು ತಿರುವು ದಾಟುವವರೆಗೆ ಕಿವಿಗೊಟ್ಟು, ಮತ್ತೆ ಪತ್ರಿಕೆ ಎತ್ತುತ್ತಾರೆ. ಈ ಗಾಡಿಯಲ್ಲಿ ಕಿಕ್ ಹೊಡೆಯುವ ಲಿವರೇ ಗೇರಿನ ಲಿವರ್. ಒಳಕ್ಕೊತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಹೊಡೆದು ಇಳಿಸಿದರೆ ಗೇರ್. ನಮ್ಮವರಿಗೆ ನಾಲ್ಕೈದು ಒದೆತ ಬೇಕು. ಮಾವನವರಿಗೆ ಈಗಲೂ ಒಂದೇ ಸಾಕು. ದಿನಾ ಬೆಳಗ್ಗೆ ಹಾಲಿಗೆ, ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಗೆ ಅದರಲ್ಲೇ ಹೋಗುತ್ತಾರೆ. ಮೆಲ್ಬರ್ನ್‌ಗೆ ಅವರು ಬರುವುದಿಲ್ಲ. ಚಳಿ ಆಗದು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಅವರ ಮಗ ಕಂಟೇನರಿಗೆ ತುಂಬಿಕೊಂಡು ಹೋಗಲು ಹವಣಿಸುತ್ತಿರುವುದು ಬರೀ ಬೈಕನ್ನಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದೇ ಚಿಮುಟ ಕೊಟ್ಟೆ.

ಬೈಕಿನ ಪ್ರಯಾಣವನ್ನು ಕೊನೆಗೆ ನಿಲ್ಲಿಸಿದ್ದು ಕುಂಬಳಬೀಜವಲ್ಲ, ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಆಸ್ಟ್ರೇಲಿಯಾದಲ್ಲಿ 2003ರ ಕೊನೆಯ ದಿನದಿಂದ ಕಲ್ನಾರು ಸಂಪೂರ್ಣ ನಿಷೇಧ. ಹಳೆಯ ಗಾಡಿಗಳ ಬ್ರೇಕ್ ಲೈನಿಂಗ್, ಕ್ಲಚ್ ಪ್ಲೇಟು, ಗ್ಯಾಸ್ಕೆಟ್ಟಿನಲ್ಲಿ ಅದು ಇರುತ್ತದೆ. ಇಲ್ಲವೆಂದು ಸಾಬೀತುಪಡಿಸುವ ಹೊಣೆ ತರಿಸಿಕೊಳ್ಳುವವರದು. ಅಂದರೆ ಇಂಜಿನ್ ಬಿಚ್ಚಬೇಕು, ತುಂಡುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು, ಇದ್ದರೆ ಕಿತ್ತು ಬೇರೆ ಹಾಕಿಸಬೇಕು. ನಮ್ಮ ಮೆಕ್ಯಾನಿಕ್ ಎಲ್ಲವನ್ನೂ ಕೇಳಿ, ಕೈ ಒರೆಸಿಕೊಂಡು, "ಸಾರ್, ಬಿಚ್ಚಿಕೊಡುತ್ತೇನೆ. ಮತ್ತೆ ಇದೇ ಸದ್ದು ಬರುತ್ತದೆ ಎಂದು ಮಾತ್ರ ಹೇಳಲಾರೆ" ಎಂದ. ನಮ್ಮವರು ಆ ರಾತ್ರಿ ಲ್ಯಾಪ್‌ಟಾಪ್ ತೆರೆಯಲಿಲ್ಲ.

ಎರಡು ದಿನ ಮನೆ ಶಾಂತವಾಗಿತ್ತು. ಮೂರನೆಯ ದಿನ ತಿಂಡಿಯ ಹೊತ್ತಿಗೆ ಮತ್ತೆ ಶುರು. "ಇಡೀ ಗಾಡಿ ಬೇಡ. ಟ್ಯಾಂಕ್ ಒಂದನ್ನೇ ಕಳಚಿ ಒಯ್ದರೆ ಹೇಗೆ? ಅದರಲ್ಲಿ ಕಲ್ನಾರಿಲ್ಲ. ಅಲ್ಲಿ ಹಜಾರದ ಗೋಡೆಗೆ ತಗುಲಿ ಹಾಕಬಹುದು."

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಪತ್ರಿಕೆ ಮಡಿಸಿದ ಸದ್ದು ಕೇಳಿಸಿತು.

"ಲೋ, ಆರ್‌ಸಿ ಯಾರ ಹೆಸರಿನಲ್ಲಿದೆ ನೋಡಿದ್ದೀಯಾ?"

ನೋಡಿರಲಿಲ್ಲ. ಆಸ್ಟ್ರೇಲಿಯಾದ ನಿಯಮಗಳನ್ನೆಲ್ಲ ತಲೆಕೆಳಗಾಗಿ ಓದಿದವರು ಸ್ವಂತ ಅಪ್ಪನನ್ನು ಒಂದು ಮಾತು ಕೇಳಿರಲಿಲ್ಲ.

"ಟ್ಯಾಂಕ್ ಗೋಡೆಗೆ ಹಾಕಿದರೆ ನಾನು ಹಾಲಿಗೆ ಯಾವುದರಲ್ಲಿ ಹೋಗಲಿ?" ಎಂದರು ಮಾವನವರು. ಮಗನಿಂದ ಉತ್ತರ ಬರಲಿಲ್ಲ.

ಈಗ ನಮ್ಮವರು ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳನ್ನು ಓದುತ್ತಿದ್ದಾರೆ. ಮಾವನವರು ಅಂದಿನಿಂದ ಬೈಕಿನ ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ಹಾಕುವುದನ್ನು ಬಿಟ್ಟಿದ್ದಾರೆ. ಎಲ್ಲಿಡುತ್ತಾರೆಂದು ನನಗೆ ಗೊತ್ತು. ಯಾರು ಕೇಳಿದರೂ ಹೇಳುವುದಿಲ್ಲ.