ಮೆಸ್ಸಿನ ಕೀಲಿ ಹುಡುಗಿಯರ ಕೈಯಲ್ಲೇ ಇರಲಿ

ಮೊನ್ನೆ ತಂಗಿಯ ಮಗಳನ್ನು ನೋಡಲು ಅವಳ ಹಾಸ್ಟೆಲ್ಲಿಗೆ ಹೋಗಿದ್ದೆ. ಯಾವ ವಿಶ್ವವಿದ್ಯಾಲಯ ಅಂತ ಬರೆಯುವುದಿಲ್ಲ, ತೊಂದರೆಯಾಗುವುದು ಆ ಹುಡುಗಿಯರಿಗೇ. ನೋಟಿಸ್ ಬೋರ್ಡಿನಲ್ಲಿ ಒಂದು ಸುತ್ತೋಲೆ ಅಂಟಿಸಿದ್ದರು. ಮುಂದಿನ ತಿಂಗಳಿಂದ ಮೆಸ್ಸು ಗುತ್ತಿಗೆದಾರರಿಗೆ, ಡಿವೈಡಿಂಗ್ ಪದ್ಧತಿ ಬಂದ್. ವಿದ್ಯಾರ್ಥಿನಿಯರು ಓದಿನ ಕಡೆ ಗಮನ ಕೊಡಲಿ ಎಂದು ಈ ಕ್ರಮವಂತೆ. ಅದನ್ನು ಓದಿ ಬಂದಾಗಿನಿಂದ ನನಗೆ ಸಮಾಧಾನವಿಲ್ಲ.

ಡಿವೈಡಿಂಗ್ ಅಂದರೇನು ಅಂತ ಹಾಸ್ಟೆಲ್ಲಿನಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ತಿಂಗಳಿಡೀ ಬಂದ ಕಿರಾಣಿ, ಕಾಯಿಪಲ್ಲೆ, ಹಾಲು, ಸಿಲಿಂಡರು, ಅಡುಗೆಯವರ ಪಗಾರ ಎಲ್ಲ ಕೂಡಿಸಿ, ಉಂಡವರ ಲೆಕ್ಕಕ್ಕೆ ಭಾಗಿಸುವುದು. ಊರಿಗೆ ಹೋದವಳಿಗೆ ರಿಬೇಟು, ಗೆಸ್ಟ್ ಬಂದರೆ ಬೇರೆ ಚೀಟಿ. ನಾನು ಓದುವಾಗ ನಾವೇ ಆರಿಸಿದ ಮೆಸ್ ಸೆಕ್ರೆಟರಿ, ನಾವೇ ಬರೆದ ಸ್ಟಾಕ್ ರಿಜಿಸ್ಟರು. ಉಳ್ಳಾಗಡ್ಡಿ ದರ ಏರಿದ ತಿಂಗಳು ಬಿಲ್ಲು ಏರುತ್ತಿತ್ತು. ಆಗ ಎಲ್ಲರೂ ಕೂತು, ವಾರಕ್ಕೆ ಎರಡು ದಿನ ಜುಣಕ ಸಾಕು, ಪನೀರು ಬ್ಯಾಡ ಅಂತ ತೀರ್ಮಾನಿಸುತ್ತಿದ್ದೆವು. ಯಾರ ಮನೆಯಲ್ಲಿ ಎಷ್ಟು ದುಡ್ಡಿದೆ ಅಂತ ಗೊತ್ತಿದ್ದವರು ಮಾಡಿದ ತೀರ್ಮಾನ ಅದು. ಗುತ್ತಿಗೆದಾರನಿಗೆ ಅದು ಎಲ್ಲಿಂದ ಗೊತ್ತಾಗಬೇಕು?

ನನ್ನ ಮನೆತನ ಬಲ್ಲ ಗೆಳತಿಯರಿಗೆ ಗೊತ್ತು, ಧಾರವಾಡಕ್ಕೆ ಬರುವವರೆಗೂ ನಾನು ಒಂದು ನೋಟನ್ನು ನನ್ನ ನಿರ್ಧಾರದಿಂದ ಖರ್ಚು ಮಾಡಿದವಳಲ್ಲ. ಪರೀಕ್ಷೆ ಫೀ ಅಪ್ಪ ಕಟ್ಟುತ್ತಿದ್ದ, ಬಸ್ಸಿನ ಟಿಕೆಟು ಅಣ್ಣ ತೆಗೆಸುತ್ತಿದ್ದ. ಸೂಪರ್ ಮಾರ್ಕೆಟ್ ಅನ್ನುವ ಅಲ್ಲಿನ ಕಾಯಿಪಲ್ಲೆ ಪೇಟೆಯಲ್ಲಿ ಮೆಸ್ಸಿನ ದುಡ್ಡು ಕೈಯಲ್ಲಿ ಹಿಡಿದು ಮೆಂತ್ಯದ ಸೂಡಿಗೆ ಚೌಕಾಶಿ ಮಾಡಿದ ದಿನ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತ್ತು. ಕಿರಾಣಿ ಅಂಗಡಿಯ ಕಾಕಾ, "ಸೆಕ್ರೆಟರಿ ಬಾಯಾರ, ಹಿಂದಿನ ಉದ್ರಿ ಯಾವಾಗ ಕೊಡ್ತೀರಿ?" ಅಂತ ಕೇಳಿದಾಗ ಅಂಜಿದ್ದೂ ಹೌದು, ಹೆಮ್ಮೆಪಟ್ಟಿದ್ದೂ ಹೌದು. ನನ್ನ ಎಂ.ಎ. ಪದವಿಯಷ್ಟೇ ದೊಡ್ಡದು ನನಗೆ ಆ ರಿಜಿಸ್ಟರು.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ನಮ್ಮ ಅಜ್ಜಂದಿರ ಕಾಲದ ಬಡ ಹುಡುಗರು ವಾರಾನ್ನ ಉಂಡು ಓದಿದರು. ಸಿದ್ಧಗಂಗಾ ಮಠ, ಧಾರವಾಡದ ಮುರುಘಾಮಠ, ಬೆಂಗಳೂರಿನ ಗುಬ್ಬಿ ತೋಟದಪ್ಪನವರ ವಿದ್ಯಾರ್ಥಿನಿಲಯ, ಇವೆಲ್ಲ ಎಷ್ಟೋ ಮಂದಿ ಹುಡುಗರಿಗೆ ಅನ್ನ ಹಾಕಿ ಓದಿಸಿದವು. ಹುಡುಗಿ ಏನು ಮಾಡಬೇಕಿತ್ತು? ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಊಟಕ್ಕೆ ಹೋಗಲು ಅವಳನ್ನು ಯಾರು ಬಿಡುತ್ತಿದ್ದರು? ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರು ಮತ್ತು ನಾಗಮ್ಮತಾಯಿ ದಲಿತ ಹೆಣ್ಣುಮಕ್ಕಳಿಗಾಗಿ ಆಶ್ರಮ ಕಟ್ಟಿದ್ದು ಈ ಕೊರತೆ ಕಂಡೇ. 1970ರ ದಶಕದಲ್ಲಿ, ದೇವರಾಜ ಅರಸರ ಕಾಲಕ್ಕೆ, ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಬೆಳೆದವು. ಓದುವ ಹುಡುಗಿಗೆ ಒಂದು ಮನೆಯೇ ಬೇಕು ಅನ್ನುವುದು ಅಷ್ಟು ತಡವಾಗಿ ಒಪ್ಪಿಗೆಯಾಯಿತು. ಈಗ ಆ ಮನೆಯ ಉಗ್ರಾಣದ ಕೀಲಿ ಮಾತ್ರ ಅವಳಿಗೆ ಬೇಡವಂತೆ.

ವಾದಗಳು ನನಗೂ ಗೊತ್ತು. ಲೆಕ್ಕದಲ್ಲಿ ಗೋಲ್‌ಮಾಲ್ ಆಗುತ್ತದೆ, ಜಗಳವಾಗುತ್ತದೆ, ಪರೀಕ್ಷೆ ಹತ್ತಿರ ಬಂದಾಗ ಮಾರ್ಕೆಟ್ಟಿಗೆ ಹೋಗುವವರು ಯಾರು ಅನ್ನುತ್ತಾರೆ. ಜಗಳ ಆಗಲಿ ಬಿಡಿ. ನಾವೂ ಜಗಳಾಡಿದೆವು, ರೊಟ್ಟಿ ಸಣ್ಣವಾದವು ಅಂತ, ಎಣ್ಣೆ ಎಲ್ಲಿ ಹೋಯಿತು ಅಂತ. ಬಿಲ್ಲು ಬೋರ್ಡಿಗೆ ಹಚ್ಚಿದ ರಾತ್ರಿ ಒಬ್ಬೊಬ್ಬಳೂ ಆಡಿಟರ್ ಆಗುತ್ತಿದ್ದಳು. ತಪ್ಪು ಕಂಡರೆ ಕೇಳುವುದು, ಕೇಳಿದವಳಿಗೆ ಚೀಟಿ ತೋರಿಸಿ ಉತ್ತರ ಕೊಡುವುದು, ಇದನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೆ ಹೇಳಿ. ಗುತ್ತಿಗೆ ಮೆಸ್ಸಿನಲ್ಲಿ ಬೇಳೆ ನೀರಾದರೆ ಅರ್ಜಿ ಬರೆದು ಕಾಯಬೇಕು, ಅಷ್ಟೇ. ಇನ್ನು ಓದಿನ ಮಾತು. ನಮ್ಮಲ್ಲಿ ಮೆಸ್ ಸೆಕ್ರೆಟರಿ ಆಗಿ ಫೇಲಾದವರನ್ನು ನಾನು ಕಂಡಿಲ್ಲ. ಮೆಸ್ ಬಾಕಿ ಕಟ್ಟದೆ ಹಾಲ್ ಟಿಕೆಟಿಗಾಗಿ ಅಳುತ್ತ ನಿಂತವರನ್ನು ಕಂಡಿದ್ದೇನೆ.

ಹುಡುಗಿಯರ ಓದು ಕೆಡುವುದು ಅಲ್ಲಿ. ಸ್ಕಾಲರ್‌ಶಿಪ್ ಹೊತ್ತಿಗೆ ಬರುವುದಿಲ್ಲ. ಎಸ್‌ಎಸ್‌ಪಿ ಅನ್ನುವ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಆಧಾರ್ ಜೋಡಿಸಿ, ಜಾತಿ ಆದಾಯ ಪ್ರಮಾಣಪತ್ರ ಕೊಟ್ಟು, ಬ್ಯಾಂಕ್ ಖಾತೆ ನೋಡುತ್ತ ಕೂರಬೇಕು. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ ಅಂತ 2013-14ರಲ್ಲಿ ವಿದ್ಯಾಸಿರಿ ಬಂದಾಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳ ಲೆಕ್ಕ. ಒಳ್ಳೆಯ ಯೋಜನೆಯೇ. ಆದರೆ ಹಸಿವು ಜೂನ್‌ನಲ್ಲಿ ಇದ್ದು ಹಣ ಫೆಬ್ರವರಿಗೆ ಬಂದರೆ ನಡುವೆ ಅನ್ನ ಹಾಕುವವರು ಯಾರು? ಡಿವೈಡಿಂಗ್ ಮೆಸ್ಸಿನಲ್ಲಿ ಗೆಳತಿಯರು ಹಾಕುತ್ತಾರೆ. ಬಾಕಿ ಇದ್ದವಳ ಹೆಸರು ಬೋರ್ಡಿಗೆ ಹಚ್ಚದೆ, ಕಿರಾಣಿ ಕಾಕಾನ ಹತ್ತಿರ ಉದ್ರಿ ಬೆಳೆಸಿ, ಹಣ ಬಂದ ಮೇಲೆ ತೀರಿಸುತ್ತಾರೆ. ನನಗೂ ಒಂದು ಸೆಮಿಸ್ಟರ್ ಹಾಗೆ ಉಣಿಸಿದ್ದಾರೆ. ಇದನ್ನು ನಾನು ಮನೆಯಲ್ಲಿ ಇಂದಿಗೂ ಹೇಳಿಲ್ಲ, ಅಪ್ಪನಿಗೆ ನೋವಾಗುತ್ತದೆ ಅಂತ. ಮುಂಗಡ ಕಟ್ಟದವಳಿಗೆ ತಾಟು ಇಲ್ಲ ಅನ್ನುವ ಗುತ್ತಿಗೆಯಲ್ಲಿ ನನ್ನಂಥವಳು ಊರಿಗೆ ವಾಪಸ್ ಹೋಗಿ, ಮದುವೆಯಾಗಿ ಹೋಗಿರುತ್ತಿದ್ದಳು.

ತಂಗಿಯ ಮಗಳಿಗೆ ಮತ್ತು ಅವಳ ಗೆಳತಿಯರಿಗೆ ಹೇಳಿ ಬಂದಿದ್ದೇನೆ: ಹಳೆಯ ರಿಜಿಸ್ಟರುಗಳನ್ನು ಯಾರಿಗೂ ಕೊಡಬೇಡಿ, ಮೂರು ವರ್ಷದ ತಿಂಗಳ ಬಿಲ್ಲುಗಳ ಪಕ್ಕದಲ್ಲಿ ಗುತ್ತಿಗೆಯ ದರ ಬರೆದಿಡಿ. ಬರುವ ಸೋಮವಾರ ಕುಲಸಚಿವರ ಭೇಟಿಗೆ ಹೊರಟಿದ್ದೇವೆ. ಡಿವೈಡಿಂಗ್ ಮೆಸ್ಸಿನ ಅಡುಗೆ ಉಂಡವರು, ಯಾವ ಬ್ಯಾಚಿನವರಾದರೂ ಸರಿ, ಇನ್‌ಬಾಕ್ಸಿಗೆ ಬನ್ನಿ.