ಕೆಂಪಿನ ಕಡೆಗೆ ತಿರುಗದ ಗುಂಡಿ

ಕರ್ನಾಟಕದಲ್ಲಿ ಓಡಾಡುವ ಕಾರುಗಳಲ್ಲಿ ಯಾರೂ ತಿರುಗಿ ನೋಡದ ಭಾಗ ಯಾವುದೆಂದು ಕೇಳಿದರೆ ನಾನು ಹೀಟರಿನ ಹೆಸರು ಹೇಳುತ್ತೇನೆ. ಸ್ಟೆಪ್ನಿಯನ್ನಾದರೂ ಆಯುಧಪೂಜೆಯ ದಿನ ಹೊರಗೆಳೆದು ಒರೆಸುವವರಿದ್ದಾರೆ. ಡ್ಯಾಶ್‌ಬೋರ್ಡಿನ ಗುಂಡಿಯನ್ನು ನೀಲಿಯಿಂದ ಕೆಂಪಿಗೆ ತಿರುಗಿಸಿ ಬಿಸಿಗಾಳಿ ಬರುತ್ತದೆಯೇ ಎಂದು ಪರೀಕ್ಷಿಸುವವರನ್ನು ನಾನು ಕಂಡಿಲ್ಲ. ಹೀಗಾಗಿ ಹೀಟರ್ ಕೆಟ್ಟಿರುವುದು ರಾಯಚೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ತಿಳಿಯುವುದಿಲ್ಲ. ಡಿಸೆಂಬರಿನ ಬೆಳಗಿನ ಜಾವ ಮುಳ್ಳಯ್ಯನಗಿರಿಯ ತಿರುವುಗಳಲ್ಲಿಯೋ, ಆಷಾಢದ ಮಳೆಯಲ್ಲಿ ಮಡಿಕೇರಿಯ ಏರು ಹತ್ತುವಾಗ ಗಾಜಿನ ಒಳಮೈ ಮಸುಕಾಗಿ ಎದುರಿನ ಬಸ್ಸೇ ಕಾಣದಂತಾದಾಗಲೋ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕುಳಿತ ಅಜ್ಜಿ “ಸ್ವಲ್ಪ ಬೆಚ್ಚಗೆ ಮಾಡೋ” ಎನ್ನುತ್ತಾರೆ. ಗುಂಡಿ ಕೆಂಪಿನ ತುದಿ ಮುಟ್ಟಿದರೂ ಬರುವುದು ತಣ್ಣನೆಯ ಗಾಳಿಯೇ.

ಕಾರಿನ ಹೀಟರಿಗೆ ಸ್ವಂತದ ಬೆಂಕಿ ಇಲ್ಲ. ಹಳೆಯ ಅಡುಗೆಮನೆಯಲ್ಲಿ ಒಲೆಯ ಉರಿಯ ಉಳಿಕೆಯಲ್ಲೇ ಪಕ್ಕದ ಕೋಡೊಲೆಯ ಪಾತ್ರೆಯೂ ಕಾಯುತ್ತಿದ್ದಂತೆ, ಎಂಜಿನ್ ಹೇಗೂ ಹೊರಗೆಸೆಯಬೇಕಾದ ಶಾಖದಿಂದಲೇ ಅದರ ಜೀವನ ನಡೆಯುತ್ತದೆ. ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ, ಎಂಜಿನ್ನನ್ನು ತಣಿಸಲು ಸುತ್ತುವ ದ್ರವಕ್ಕೆ, ಅಂದರೆ ಕೂಲೆಂಟಿಗೆ, ಸೇರುತ್ತದೆ. ಆ ಬಿಸಿ ಕೂಲೆಂಟನ್ನು ಎರಡು ಹೋಸ್ ಪೈಪುಗಳು ಎಂಜಿನ್ನಿನ ಹಿಂದಿನ ತಗಡಿನ ಗೋಡೆ ದಾಟಿಸಿ, ಡ್ಯಾಶ್‌ಬೋರ್ಡಿನ ಒಳಗಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕಾಯಿಲ್ಲಿಗೆ, ಒಯ್ದು ತರುತ್ತವೆ. ಬ್ಲೋವರ್ ಊದಿದ ಗಾಳಿ ಅದರ ರೆಕ್ಕೆಗಳ ನಡುವೆ ಹಾದು ಬೆಚ್ಚಗಾಗುತ್ತದೆ.

ಆದ್ದರಿಂದ ರೋಗಪರೀಕ್ಷೆಗೆ ಬೇಕಾದ ಉಪಕರಣ ನಮ್ಮ ಅಂಗೈ ಮಾತ್ರ. ಅರ್ಧ ಗಂಟೆ ಓಡಿಸಿ, ಹೀಟರನ್ನು ಪೂರ್ತಿ ತಿರುಗಿಸಿಟ್ಟು, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಆ ಎರಡು ಪೈಪುಗಳನ್ನು ಜಾಗರೂಕತೆಯಿಂದ ಮುಟ್ಟಿ ನೋಡಬೇಕು. ಎರಡೂ ಸುಡುತ್ತಿದ್ದರೆ ಕೂಲೆಂಟ್ ತನ್ನ ಕೆಲಸ ಮಾಡುತ್ತಿದೆ, ದೋಷವಿರುವುದು ಗಾಳಿಯ ದಾರಿಯಲ್ಲಿ: ಗುಂಡಿಯ ಕೇಬಲ್ ಜಾರಿದೆ, ಅಥವಾ ಗಾಳಿಯನ್ನು ಕಾಯಿಲ್ಲಿನತ್ತ ಹರಿಸುವ ಒಳಗಿನ ಬಾಗಿಲನ್ನು ತಿರುಗಿಸುವ ಪುಟ್ಟ ಮೋಟರಿನ ಪ್ಲಾಸ್ಟಿಕ್ ಹಲ್ಲುಗಳು ಸವೆದು ಡ್ಯಾಶ್‌ಬೋರ್ಡಿನೊಳಗೆ ಟಕಟಕ ಸದ್ದು ಮಾಡುತ್ತಿವೆ. ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಕೂಲೆಂಟನ್ನು ಕಾಯಿಲ್ಲಿಗೆ ಬಿಡುವ ವಾಲ್ವ್ ತೆರೆದಿಲ್ಲ, ಇಲ್ಲವೇ ಕಾಯಿಲ್ ಕಟ್ಟಿಕೊಂಡಿದೆ. ಎರಡೂ ತಣ್ಣಗಿದ್ದರೆ ಕೂಲೆಂಟ್ ಇಳಿದಿದೆ ಅಥವಾ ಎಂಜಿನ್ನೇ ಬಿಸಿಯಾಗುತ್ತಿಲ್ಲ.

ಈ ಕೊನೆಯ ಸಂಗತಿಯ ಹಿಂದೆ ನಮ್ಮ ಗ್ಯಾರೇಜುಗಳ ಒಂದು ಸಂಪ್ರದಾಯವಿದೆ. ಕೂಲೆಂಟ್ 80ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುವ ತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಥರ್ಮೋಸ್ಟ್ಯಾಟ್. ಅದರೊಳಗಿನ ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಬೇಸಿಗೆಯಲ್ಲಿ ಎಂದೋ ಕಾರು ಕಾದು ನಿಂತಿದ್ದಾಗ “ಇದು ನಮ್ಮ ಕಡೆಗೆ ಬೇಡ ಸಾರ್, ತೆಗೆದ್ರೆ ಎಂಜಿನ್ ಕೂಲಾಗಿರುತ್ತೆ” ಎಂದು ಮೆಕ್ಯಾನಿಕ್ ಅದನ್ನು ಬಿಚ್ಚಿ ಕೊಟ್ಟಿರುತ್ತಾನೆ. ಎಂಜಿನ್ ನಿಜಕ್ಕೂ ಕೂಲಾಗಿರುತ್ತದೆ, ಇರಬೇಕಾದ್ದಕ್ಕಿಂತ ಹೆಚ್ಚು ಕೂಲಾಗಿ. ಘಟ್ಟ ಇಳಿಯುವಾಗ ಟೆಂಪರೇಚರ್ ಮುಳ್ಳು ತಳಕ್ಕೆ ಬೀಳುತ್ತದೆ, ಇನ್ನೂ ಬಿಸಿಯಾಗಿಲ್ಲವೆಂದು ತಿಳಿದ ಕಂಪ್ಯೂಟರು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ, ಮಾಲೀಕರು ಮೈಲೇಜ್ ಇಲ್ಲವೆಂದು ಬಂಕಿನವರನ್ನು ಶಂಕಿಸುತ್ತಾರೆ. ಹೊಸ ಥರ್ಮೋಸ್ಟ್ಯಾಟ್ ಕೂರಿಸಿದರೆ ಹೀಟರು, ಮೈಲೇಜು ಎರಡೂ ಸರಿಹೋಗುತ್ತವೆ.

ಎರಡನೆಯ ಸಂಪ್ರದಾಯ ಇನ್ನೂ ಚತುರವಾದದ್ದು. ಕಾಯಿಲ್ ಸೋರಿ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ, ಕಾರಿನೊಳಗೆ ಸಿಹಿ ವಾಸನೆ ಹಬ್ಬಿ, ಗಾಜಿಗೆ ಜಿಡ್ಡು ಹತ್ತಿದರೆ, ಹೊಸದನ್ನು ಹಾಕಲು ಅನೇಕ ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಅದರ ಕೂಲಿಯ ಲೆಕ್ಕ ಕೇಳಿದ ಮಾಲೀಕರ ಮುಖ ನೋಡಿ, ಎರಡು ಪೈಪುಗಳನ್ನು ಬಾನೆಟ್ಟಿನೊಳಗೇ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದುಬಿಡುತ್ತಾರೆ. ಸೋರಿಕೆ ನಿಂತಿತು, ಹೀಟರೂ ನಿಂತಿತು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಈ ಒಂದು ಜಾಗವನ್ನು ಬಗ್ಗಿ ನೋಡುವುದು ಒಳ್ಳೆಯದು. ಪೈಪು ಗೋಡೆಯತ್ತ ಹೋಗದೆ ಯು ಆಕಾರದಲ್ಲಿ ಹಿಂತಿರುಗಿದ್ದರೆ ಕಾರಿನ ಪೂರ್ವಚರಿತ್ರೆ ಅರ್ಧ ಅರ್ಥವಾಗುತ್ತದೆ. ಕಾಯಿಲ್ ಕೆಡುವುದಕ್ಕೆ ಕಾರಣವೂ ಬಹಳ ಸಲ ನಾವೇ ಸುರಿದ ಬೋರ್‌ವೆಲ್ ನೀರು. ಅದರ ಸುಣ್ಣ, ಎಂಜಿನ್ನಿನ ತುಕ್ಕು ಎರಡೂ ಸೇರಿ ಆ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗುತ್ತವೆ. ಪೈಪು ಕಳಚಿ ತೋಟದ ಪೈಪಿನಿಂದ ಮೆಲ್ಲನೆ ಹಿಮ್ಮುಖವಾಗಿ ನೀರು ಹಾಯಿಸಿದರೆ ಕಾಫಿಯಂಥ ಬಗ್ಗಡ ಹೊರಬರುತ್ತದೆ. ತಿಳಿನೀರು ಬರುವವರೆಗೆ ತೊಳೆದು ಕಂಪನಿ ಹೇಳಿದ ಕೂಲೆಂಟನ್ನೇ ತುಂಬಬೇಕು.

ತುಂಬಿದ ಮೇಲೂ ಬಿಸಿ ಬರದೆ, ಡ್ಯಾಶ್‌ಬೋರ್ಡಿನಲ್ಲಿ ಗುಳುಗುಳು ಸದ್ದಾದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು, ಕಾರಿನ ಮೂತಿ ಏರಿಗೆ ಇರುವಂತೆ ನಿಲ್ಲಿಸಿ, ಹೀಟರ್ ಹಾಕಿಕೊಂಡೇ ಎಂಜಿನ್ ಓಡಿಸಿದರೆ ಗುಳ್ಳೆಗಳು ಒಂದೊಂದಾಗಿ ಹೊರಡುತ್ತವೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬಾರದು, ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಎಂಜಿನ್ನಿನ ತಲೆಭಾಗ ಸೋರದಂತೆ ಬಿಗಿಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಹೀಟರಿನ ಮಾತು ಬಿಟ್ಟು ಎಂಜಿನ್ ಉಳಿಸಿಕೊಳ್ಳುವುದನ್ನು ನೋಡಬೇಕು.

ಚಳಿಯೇ ಇಲ್ಲದ ಊರಿನವರಿಗೆ ಇಷ್ಟೆಲ್ಲ ಏಕೆಂದು ಕೇಳುವವರು ಹಳೆಯ ಡ್ರೈವರುಗಳನ್ನು ವಿಚಾರಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ, ಟ್ರಾಫಿಕ್ಕಿನ ನಡುವೆ, ಮುಳ್ಳು ಕೆಂಪಿನತ್ತ ಏರತೊಡಗಿದರೆ ಅವರು ಎ.ಸಿ. ಆರಿಸಿ, ಕಿಟಕಿಗಳನ್ನೆಲ್ಲ ಇಳಿಸಿ, ಹೀಟರನ್ನು ಪೂರ್ತಿ ಹಾಕುತ್ತಾರೆ. ಎಂಜಿನ್ನಿನ ಶಾಖದಲ್ಲಿ ಒಂದಿಷ್ಟು ಆ ಪುಟ್ಟ ಕಾಯಿಲ್ ಮೂಲಕ ಒಳಗಿರುವವರ ಮೇಲೆ ಹರಿಯುತ್ತದೆ. ಎಲ್ಲರೂ ಬೆವರುತ್ತಾರೆ, ಬೈಯುತ್ತಾರೆ, ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸುವಷ್ಟು ಸಮಯ ಸಿಗುತ್ತದೆ. ಪೈಪುಗಳನ್ನು ಒಂದಕ್ಕೊಂದು ಜೋಡಿಸಿಬಿಟ್ಟ ಕಾರಿನಲ್ಲಿ ಆ ಅನುಕೂಲವೂ ಇರುವುದಿಲ್ಲ.